ರೋಮ ಬಂತು, ಅಂಟು ಬರಲಿಲ್ಲ

ಕಾಡು ಟೊಮೆಟೊ ಸೊಲಾನಮ್ ಗಲಪಗೆನ್ಸೆಯ ಕೀಟನಿರೋಧಕ ಗುಣವನ್ನು ಸಾಗುವಳಿ ತಳಿಗೆ ತರುವ ನನ್ನ ಯತ್ನಕ್ಕೆ ಇದು ಮೂರನೆಯ ವರ್ಷ. ಬಿಳಿನೊಣಗಳು ಮಾತ್ರ ಅದನ್ನು ಇನ್ನೂ ಲೆಕ್ಕಕ್ಕೇ ಇಟ್ಟುಕೊಂಡಿಲ್ಲ.

ಸಂಕರಣದ ವಿವರಗಳನ್ನು ಬಿಡುತ್ತೇನೆ. ಆಮೆಯ ಹೊಟ್ಟೆಯನ್ನು ಹಾದುಬಂದ ಗಲಪಗೋಸ್ ದ್ವೀಪಗಳ ಕಾಡು ಟೊಮೆಟೊ ಬೀಜ ಚೆನ್ನಾಗಿ ಮೊಳೆಯುತ್ತದೆ ಎಂದು ಚಾರ್ಲ್ಸ್ ರಿಕ್ ಮತ್ತು ಅವರ ಸಹಸಂಶೋಧಕರು 1961ರಲ್ಲಿ ವರದಿ ಮಾಡಿದ್ದರು; ದೈತ್ಯ ಆಮೆಯನ್ನು ಸಾಕುವ ಅನುಕೂಲವಿಲ್ಲದ ನಾನು ಬ್ಲೀಚ್ ನೀರನ್ನೇ ಆಶ್ರಯಿಸಿದೆ. ಬೀಜ ಪೂರೈಸಿದವರು ಮೊದಲ ಬಾರಿ ಕಾಡುತಳಿಯ ಚೀಟಿ ಅಂಟಿಸಿ ಸಾಧಾರಣ ಚೆರ್ರಿ ಟೊಮೆಟೊ ಕಳುಹಿಸಿದ್ದರಿಂದ ಒಂದು ಋತು ಪೂರ್ತಿ ಹಾಳಾದದ್ದನ್ನು ಮಾತ್ರ ಮರೆಯಲಾರೆ.

ಕಳೆದ ವರ್ಷದ ತಪ್ಪು ನನ್ನದೇ. ಸಾಗುವಳಿ ಟೊಮೆಟೊದ ಎಳೆಯ ಸಸಿಯಲ್ಲೂ ನಾಲ್ಕನೆಯ ಬಗೆಯ ಗ್ರಂಥಿರೋಮಗಳು, ಅಂದರೆ ಕಾಡುತಳಿಯಲ್ಲಿ ಅಂಟು ಸ್ರವಿಸಿ ಕೀಟವನ್ನು ತಡೆಯುವ ಬಗೆಯ ಸೂಕ್ಷ್ಮ ಕೂದಲುಗಳು, ಇರುತ್ತವೆ, ಬೆಳೆದಂತೆ ಮಾಯವಾಗುತ್ತವೆ. ಅದನ್ನು ಮರೆತು ಸಸಿಗಳಲ್ಲೇ ಆಯ್ಕೆ ಮಾಡಿ ಮೋಸಹೋದೆ. ಈ ಬಾರಿ ಹತ್ತನೆಯ ಎಲೆಯವರೆಗೆ ಕಾದು, ಎಫ್-2, ಅಂದರೆ ಸಂಕರಣದ ಎರಡನೆಯ ಪೀಳಿಗೆಯ 48 ಗಿಡಗಳಲ್ಲಿ ಮಸೂರದಡಿ ಆ ರೋಮಗಳು ದಟ್ಟವಾಗಿ ಕಂಡ ಏಳನ್ನು ಆರಿಸಿ, ಎಲೆಗಳಿಗೆ ಪುಟ್ಟ ಬಲೆಗೂಡು ಕಟ್ಟಿ, ತಲಾ ಹತ್ತು ಬಿಳಿನೊಣಗಳನ್ನು ಬಿಟ್ಟೆ. ಐದು ದಿನಗಳ ನಂತರ ಸಾಗುವಳಿ ತಳಿಯ ಎಲೆಯಲ್ಲಿ 61 ಮೊಟ್ಟೆಗಳಿದ್ದವು, ಕಾಡುತಳಿಯಲ್ಲಿ ಎರಡು, ನನ್ನ ಹೆಮ್ಮೆಯ ಗಿಡದಲ್ಲಿ 58.

ರೋಮವೆಂಬುದು ಕಾರ್ಖಾನೆಯ ಕಟ್ಟಡ ಮಾತ್ರ. ಕೀಟವನ್ನು ತಡೆಯುವ ಅಸೈಲ್ ಸಕ್ಕರೆಯೆಂಬ ಅಂಟು ಆ ರೋಮದ ತುದಿಯ ಕೋಶಗಳಲ್ಲಿ, ಸುಕ್ರೋಸಿಗೆ ಕೊಬ್ಬಿನಾಮ್ಲದ ಸರಪಳಿಗಳನ್ನು ಜೋಡಿಸುವ ಕಿಣ್ವಗಳಿಂದ ತಯಾರಾಗಬೇಕು. ಕಟ್ಟಡದ ಜೀನ್‌ಗಳೇ ಬೇರೆ, ತಯಾರಿಕೆಯ ಜೀನ್‌ಗಳೇ ಬೇರೆ. ಮೈಕ್ರೋ-ಟಾಮ್ ಎಂಬ ಕುಳ್ಳ ತಳಿಗೆ ಇದೇ ರೋಮಗಳನ್ನು ತಂದ ಸಂಶೋಧಕರಿಗೂ ಬೇಕಾದಷ್ಟು ಅಂಟು ಸಿಗಲಿಲ್ಲವೆಂಬುದು ನನ್ನ ಸಂಕಟಕ್ಕೆ ತುಸು ಗೌರವ ತರುತ್ತದೆ. ಮೂರೇ ಸುಪ್ತ, ಅಂದರೆ ಎರಡೂ ಪ್ರತಿಗಳು ಇದ್ದರಷ್ಟೇ ಗುಣ ತೋರುವ, ಜೀನ್‌ಗಳು ಬೇಕೆಂದು ಊಹಿಸಿದರೂ ಅವೆಲ್ಲ ಕೂಡಿಬರುವುದು 64 ಗಿಡಗಳಿಗೆ ಒಂದರಲ್ಲಿ. ಅಂಥದೊಂದು ಸಿಗುವ ಸಂಭವ ಶೇಕಡಾ 95 ಆಗಬೇಕಾದರೆ ಸುಮಾರು 190 ಗಿಡಗಳು ಬೇಕು. ನಾನು 48 ಬೆಳೆಸಿ ಅದೃಷ್ಟವನ್ನು ದೂರುತ್ತಿದ್ದೆ.

ಈ ನಡುವೆ ಸೌತೆಯತ್ತಲೂ ಮನಸ್ಸು ಜಾರುತ್ತಿದೆ. ಅಲ್ಲಿ ಕಹಿಯನ್ನು ನಿಯಂತ್ರಿಸುವ ಬಿಐ ಎಂಬ ಒಂದೇ ಜೀನ್ ನುಸಿಯನ್ನು ದೂರವಿಟ್ಟು ಸೌತೆ ದುಂಬಿಯನ್ನು ಕರೆಯುತ್ತದೆ. ಜಗಳಗಂಟ ಜೀನ್ ಆದರೂ ಲೆಕ್ಕ ಸುಲಭ. ಅದಕ್ಕೆಂದು ಕಾದಿರಿಸಿದ್ದ ಕುಂಡಗಳಲ್ಲಿ ಸದ್ಯಕ್ಕೆ ಎಫ್-2ರ ಉಳಿದ 200 ಬೀಜಗಳನ್ನು ಬಿತ್ತಿದ್ದೇನೆ. ಈ ಸಲ ಮಸೂರ ಹಿಡಿಯುವ ಮೊದಲು, ಎಲೆ ಬೆರಳಿಗೆ ಅಂಟುತ್ತದೆಯೇ ಎಂದು ನೋಡುತ್ತೇನೆ.