ಹೊಗೆ ಕಾಣದ ಕಾರು ಎಷ್ಟು ಶುದ್ಧ?

ವಿದ್ಯುತ್ ಕಾರಿಗೆ ಹೊಗೆಕೊಳವೆಯೇ ಇಲ್ಲ, ಹೈಡ್ರೋಜನ್ ಕಾರಿನ ಕೊಳವೆಯಿಂದ ಹೊರಬರುವುದು ನೀರು ಮಾತ್ರ. ಆದರೆ ಇಷ್ಟನ್ನೇ ನೋಡಿ ತೀರ್ಪು ಕೊಡುವುದು ಅವಸರವೆಂದು ನನ್ನ ಅನಿಸಿಕೆ.

ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಲೀಟರಿಗೆ 15 ಕಿಲೋಮೀಟರ್ ಓಡುವ ಕಾರು 100 ಕಿಲೋಮೀಟರ್ ಸಾಗುವಷ್ಟರಲ್ಲಿ 15 ಕಿಲೋಗ್ರಾಂ ಉಗುಳಿರುತ್ತದೆ. ಅದೇ ದೂರಕ್ಕೆ ವಿದ್ಯುತ್ ಕಾರು 15ರಿಂದ 20 ಯೂನಿಟ್ ಬಳಸುತ್ತದೆ. ಆ ವಿದ್ಯುತ್ತೆಲ್ಲ ಕಲ್ಲಿದ್ದಲಿನಿಂದಲೇ ಬಂದಿದ್ದರೆ, ಯೂನಿಟ್ಟಿಗೆ ಹತ್ತಿರ ಹತ್ತಿರ ಒಂದು ಕಿಲೋಗ್ರಾಮಿನಂತೆ, ಪೆಟ್ರೋಲಿಗಿಂತ ದೊಡ್ಡ ಲಾಭವೇನೂ ಕಾಣುವುದಿಲ್ಲ. ಗಾಳಿ, ಬಿಸಿಲು ಅಥವಾ ಜಲವಿದ್ಯುತ್ತಿನಿಂದ ಬಂದಿದ್ದರೆ ವ್ಯತ್ಯಾಸ ಅಗಾಧ. ಬ್ಯಾಟರಿ ತಯಾರಿಕೆಯ ಮಾಲಿನ್ಯ ಆರಂಭದ ಸಾಲವಿದ್ದಂತೆ, ಶುದ್ಧ ವಿದ್ಯುತ್ತಿನಲ್ಲಿ ಓಡಿದಷ್ಟೂ ಅದು ಬೇಗ ತೀರುತ್ತದೆ.

ಹೈಡ್ರೋಜನ್ನಿನ ಕಥೆ ಇನ್ನೂ ಜಟಿಲ. ಜಗತ್ತಿನಲ್ಲಿ ಇಂದು ತಯಾರಾಗುವ ಹೈಡ್ರೋಜನ್ನಿನ ಬಹುಪಾಲು ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದ ಬರುತ್ತದೆ. ಅನಿಲದಿಂದ ಒಂದು ಕಿಲೋಗ್ರಾಂ ತೆಗೆಯಲು ಒಂಬತ್ತು ಹತ್ತು ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಆ ಒಂದು ಕಿಲೋಗ್ರಾಂ ಹೈಡ್ರೋಜನ್ನಿನಲ್ಲಿ ಕಾರು ಸುಮಾರು 100 ಕಿಲೋಮೀಟರ್ ಓಡುತ್ತದೆ. ನೀರನ್ನು ವಿದ್ಯುತ್ತಿನಿಂದ ವಿಭಜಿಸಿ ಪಡೆಯಬಹುದು, ನಿಜ. ಆದರೆ ಕಿಲೋಗ್ರಾಮಿಗೆ 50 ಯೂನಿಟ್ಟಿಗೂ ಹೆಚ್ಚು ಬೇಕಾಗುವುದರಿಂದ, ಅದೇ ವಿದ್ಯುತ್ತನ್ನು ನೇರವಾಗಿ ಬ್ಯಾಟರಿಗೆ ತುಂಬಿದ್ದರೆ ಕಾರು ಎರಡೂವರೆ ಮೂರು ಪಟ್ಟು ದೂರ ಹೋಗುತ್ತಿತ್ತು. ಹಾಗಾಗಿ ಸಾಮಾನ್ಯ ಕಾರುಗಳಿಗೆ ಹೈಡ್ರೋಜನ್ ದುಂದುಗಾರಿಕೆಯೆಂದೇ ನಾನು ಭಾವಿಸುತ್ತೇನೆ.

ಟೈರು ಸವೆದು ಏಳುವ ದೂಳು ಮಾತ್ರ ಮೂರೂ ಬಗೆಯ ವಾಹನಗಳಲ್ಲಿ ಇದ್ದೇ ಇದೆ. ಬ್ಯಾಟರಿಯ ಭಾರದಿಂದಾಗಿ ವಿದ್ಯುತ್ ಕಾರಿನಲ್ಲಿ ಅದು ಕೊಂಚ ಹೆಚ್ಚೇ ಇರಬಹುದು.