ಸೂಳೆಕೆರೆ ದಂಡೆಯಲ್ಲಿ ಗಾಲಿಕುರ್ಚಿ, ಗಾಳದ ಕೋಲು

ದಾವಣಗೆರೆಯಿಂದ ಸಂತೇಬೆನ್ನೂರು ದಾರಿಯಾಗಿ ಸೂಳೆಕೆರೆಗೆ ಫ್ಲೈ ಫಿಶಿಂಗ್‌ಗೆ, ಅಂದರೆ ಕೃತಕ ನೊಣದ ಗಾಳದಿಂದ ಮೀನು ಹಿಡಿಯಲು, ಹೊರಟಿದ್ದು ನಸುಕಿನಲ್ಲಿ. ವ್ಯಾನಿನಲ್ಲಿ ಬೆನ್ನುಹುರಿಗೆ ಏಟು ಬಿದ್ದು ಗಾಲಿಕುರ್ಚಿ ಹಿಡಿದ ಒಬ್ಬರು, ಲಕ್ವ ಹೊಡೆದು ಎಡಗೈ ಸೋತ ಇನ್ನೊಬ್ಬರು ಇದ್ದರು. ಎದೆಮಟ್ಟಕ್ಕಿಂತ ಮೇಲೆ ಹುರಿಗೆ ಏಟಾದವರಿಗೆ ಕೆಳಮೈ ಸರಿಯಾಗಿ ಬೆವರುವುದಿಲ್ಲ, ಬಿಸಿಲು ಬೇಗ ತಟ್ಟುತ್ತದೆ. ಹಾಗಾಗಿ ಹತ್ತು ಗಂಟೆಯೊಳಗೆ ಕೋಲು ಮಡಚುವ ಲೆಕ್ಕ. ಮೀನುಗಾರಿಕೆ ಇಲಾಖೆಯನ್ನೂ ಕೆರೆಯ ಗುತ್ತಿಗೆದಾರರನ್ನೂ ಮೊದಲೇ ಕೇಳಿಕೊಂಡಿರಬೇಕು.

ಸಂತೇಬೆನ್ನೂರಿನ ಪುಷ್ಕರಣಿಗೆ ಸುತ್ತಲೂ ಮೆಟ್ಟಿಲು. ಕುರ್ಚಿಯವರು ಕೊಳದ ನಡುವಿನ ವಸಂತ ಮಂಟಪವನ್ನು ಮೇಲಿನಿಂದಲೇ ನೋಡಬೇಕು.

ಫ್ಲೈ ಫಿಶಿಂಗ್‌ನಲ್ಲಿ ಎರೆಹುಳುವಿಲ್ಲ. ಗಾಳಕ್ಕೆ ಗರಿ, ಉಣ್ಣೆ ಸುತ್ತಿ ನೊಣದಂತೆ ಮಾಡಿರುತ್ತಾರೆ. ಅದಕ್ಕೆ ತೂಕವೇ ಇರದ್ದರಿಂದ ದಪ್ಪ ದಾರದ ತೂಕವೇ ಅದನ್ನು ಒಯ್ಯಬೇಕು. ಹಿಂದಕ್ಕೆ ಬೀಸಿ, ದಾರ ಪೂರ್ತಿ ಚಾಚುವವರೆಗೆ ತಡೆದು, ಮುಂದಕ್ಕೆ ಬೀಸಬೇಕು. ಭುಜ, ಮೊಣಕೈ, ಉಸಿರು ಎಲ್ಲಕ್ಕೂ ಕೆಲಸ ಬೀಳುವುದು ಈ ಬೀಸು, ತಡೆಗಳಲ್ಲೇ. ಅಮೆರಿಕದಲ್ಲಿ ಸ್ತನ ಕ್ಯಾನ್ಸರ್ ಆದ ಹೆಂಗಸರಿಗಾಗಿ 1996ರಲ್ಲಿ ಕಾಸ್ಟಿಂಗ್ ಫಾರ್ ರಿಕವರಿ, ಗಾಯಗೊಂಡ ಸೈನಿಕರಿಗಾಗಿ 2005ರಲ್ಲಿ ಪ್ರಾಜೆಕ್ಟ್ ಹೀಲಿಂಗ್ ವಾಟರ್ಸ್ ಎಂಬ ಸಂಸ್ಥೆಗಳು ಶುರುವಾದದ್ದು ಇದನ್ನೇ ನೆಚ್ಚಿಕೊಂಡು.

ಕೆರೆಯಲ್ಲಿ ಮೊದಲ ಅರ್ಧ ಗಂಟೆ ಕೋಲು ಮುಟ್ಟಲೇಬಾರದು, ನೆಲ ನೋಡಬೇಕು. ನೀರು ಇಳಿದ ದಂಡೆ ಮೇಲೆ ಒಣಗಿ ಬಿರುಕು ಬಿಟ್ಟಿದ್ದರೂ ಒಳಗೆ ಕೆಸರೇ. ಕುರ್ಚಿಯ ಮುಂದಿನ ಸಣ್ಣ ಗಾಲಿ ಹೂತರೆ ಕೂತವರು ಮುಗ್ಗರಿಸುತ್ತಾರೆ. ಅದಕ್ಕೇ ನಾಲ್ಕಡಿ ಉದ್ದದ ಪ್ಲೈವುಡ್ ಹಲಗೆ ಹಾಸಿ, ಬ್ರೇಕ್ ಹಾಕಿ, ಗಾಲಿಗಳಿಗೆ ಕಲ್ಲು ಕೊಟ್ಟದ್ದು. ಕುರ್ಚಿಯನ್ನು ನೀರಿಗೆ ನೇರ ಮುಖ ಮಾಡದೆ, ಬೀಸುವ ಭುಜ ನೀರಿನ ಕಡೆ ಬರುವಂತೆ ಓರೆಯಾಗಿ ಇಡಬೇಕು. ಆ ಕಡೆಯ ಕೈಯಾಸರೆ ಬಿಚ್ಚಿದರೆ ಮೊಣಕೈ ತಗಲುವುದಿಲ್ಲ. ಲೈಫ್ ಜಾಕೆಟ್ ಕಡ್ಡಾಯ. ಸೊಂಟದ ಬೆಲ್ಟ್ ಒಂದೇ ಎಳೆತಕ್ಕೆ ಬಿಚ್ಚುವಂಥದ್ದೇ ಆಗಿರಬೇಕು, ಇಲ್ಲದಿದ್ದರೆ ಕುರ್ಚಿಯ ಜೊತೆ ಮನುಷ್ಯನೂ ನೀರಿಗೆ.

ಕೂತವರ ಕೈ ತಗ್ಗಿನಲ್ಲಿರುವುದರಿಂದ ದಾರ ಹಿಂದಿನ ಜಾಲಿಗೆ ಸಿಕ್ಕಿಕೊಳ್ಳುವುದೇ ಹೆಚ್ಚು. ಇಪ್ಪತ್ತು, ಇಪ್ಪತ್ತೈದು ಅಡಿಗಿಂತ ಹೆಚ್ಚು ದಾರ ಬಿಡದೆ, ಕೋಲನ್ನು ತಲೆಯ ಹಿಂದಕ್ಕೆ ಬಾಗಲು ಬಿಡದೆ ಮೇಲೆಯೇ ನಿಲ್ಲಿಸಬೇಕು. ಎಳೆದುಕೊಂಡ ದಾರ ಗಾಲಿಯ ಕಡ್ಡಿಗೆ ಸುತ್ತಿಕೊಳ್ಳದಂತೆ ತೊಡೆ ಮೇಲೊಂದು ಪ್ಲಾಸ್ಟಿಕ್ ಬುಟ್ಟಿ. ಬಲಗೈಯವರಿಗೆ ಗಾಳಿ ಬಲದಿಂದ ಬೀಸಿದರೆ ಗಾಳ ಮುಖಕ್ಕೇ ಬರುತ್ತದೆ. ಅದಕ್ಕೆ ಕನ್ನಡಕ, ಟೋಪಿ. ಗಾಳದ ತುದಿಯ ಹಿಂದೆ ಚಾಚಿರುವ ಸಣ್ಣ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಯೇ ಕೊಡಬೇಕು.

ಒಂದೇ ಕೈಯವರಿಗೆ ಜಪಾನಿನ ತೆಂಕಾರಾ ಕೋಲು ವರವೇ ಸರಿ. ರೀಲು ಇಲ್ಲ. ಹನ್ನೆರಡಡಿಯ ಕೋಲಿನ ತುದಿಗೆ ಸುಮಾರು ಅಷ್ಟೇ ಉದ್ದದ ದಾರ ಕಟ್ಟಿದರೆ ಸಾಕು. ಹಿಡಿತ ಸಡಿಲವಾಗಿದ್ದರೆ ಕೋಲಿನ ಬುಡವನ್ನು ಮುಂಗೈಗೆ ವೆಲ್ಕ್ರೋ ಪಟ್ಟಿಯಿಂದ ಕಟ್ಟಬೇಕು, ಆಗ ಮಣಿಕಟ್ಟು ತಿರುಚುವುದಿಲ್ಲ. ಗಾಳ ಕಲ್ಲಿಗೆ ಸಿಕ್ಕಿಕೊಂಡಾಗ ಕೋಲು ಬಾಗಿಸಿ ಎಳೆದರೆ ತುದಿ ಲಟಕ್ಕನೆ ಮುರಿಯುತ್ತದೆ. ಜೊತೆಗಿರುವವರು ದಾರವನ್ನೇ ಹಿಡಿದು ನೇರ ಎಳೆಯಬೇಕು. ದಂಡೆಯ ಬಳಿ ಸಿಕ್ಕಿದ ಜಿಲೇಬಿ ಮೀನನ್ನು ಒದ್ದೆ ಕೈಯಲ್ಲಿ ಹಿಡಿದಾಗ ಅದರ ಬೆನ್ನಿನ ಮುಳ್ಳು ಚಡಚಡನೆ ನಿಮಿರಿತು. ಸ್ಪರ್ಶ ಮಂದವಾದ ಕೈಗೆ ಚುಚ್ಚಿದ್ದೂ ತಿಳಿಯುವುದಿಲ್ಲ. ಅಂಥವರಿಗೆ ಕೈಗವಸು ಬೇಕು.

ಹದಿನೈದು, ಇಪ್ಪತ್ತು ನಿಮಿಷಕ್ಕೊಮ್ಮೆ ಕೂತಲ್ಲೇ ಮುಂದೆ ಬಾಗಿ ಕುಂಡಿಯ ಭಾರ ಇಳಿಸಲೇಬೇಕು. ಮೀನು ಕಚ್ಚುತ್ತಿರುವಾಗ ಇದೇ ಮರೆತುಹೋಗುವುದರಿಂದ ಫೋನಿನಲ್ಲಿ ಅಲಾರಾಂ ಇಟ್ಟಿದ್ದು. ಮನೆಗೆ ಬಂದ ಮೇಲೆ ಕನ್ನಡಿ ಹಿಡಿದು ಚರ್ಮ ನೋಡಿ. ಅರ್ಧ ಗಂಟೆಯಾದರೂ ಕೆಂಪು ಇಳಿಯದಿದ್ದರೆ ಆ ಜಾಗಕ್ಕೆ ಒತ್ತಡ ಬೀಳದಂತೆ ಮಲಗಿಸಿ, ಡಾಕ್ಟರಿಗೆ ತೋರಿಸಿ.