ಬರೆದವರೇ ಹಾಡಿದಾಗ

ಅಮೆರಿಕದ ಹಾಡುಗಾರ್ತಿ, ಗೀತರಚನೆಗಾರ್ತಿ ಕ್ಯಾರೊಲ್ ಕಿಂಗ್ ಅವರ ‘ಟ್ಯಾಪೆಸ್ಟ್ರಿ’ ಆಲ್ಬಮ್ ಬಿಡುಗಡೆಯಾದದ್ದು 1971ರ ಫೆಬ್ರುವರಿ 10ರಂದು. ಸೋಮವಾರಪೇಟೆಯ ಸಮೀಪದ ನಮ್ಮ ತೋಟದ ಮನೆಗೆ ಅದು ಬಂದದ್ದು ಕೆಲವು ವರ್ಷಗಳ ತರುವಾಯ, ಸೈನ್ಯದಲ್ಲಿದ್ದ ಚಿಕ್ಕಪ್ಪ ರಜೆಯಲ್ಲಿ ಊರಿಗೆ ತಂದ ರೆಕಾರ್ಡುಗಳ ಜೊತೆಗೆ. ಅಲ್ಲಿಯವರೆಗೆ ಚಿತ್ರಗೀತೆಗಳನ್ನಷ್ಟೇ ಕೇಳಿದ್ದ ನನಗೆ ಆ ಇಂಗ್ಲಿಷ್ ಹಾಡುಗಳ ಸಾಹಿತ್ಯ ಹೆಚ್ಚೇನೂ ತಿಳಿಯುತ್ತಿರಲಿಲ್ಲ. ಆದರೆ ಆ ದನಿ ನಮ್ಮ ಜಗಲಿಯಲ್ಲಿಯೇ ಕುಳಿತು ಮಾತನಾಡುತ್ತಿರುವಷ್ಟು ಹತ್ತಿರವಾಗಿತ್ತು. ಈ ಮಳೆಗಾಲದಲ್ಲಿ ಅದೇ ಆಲ್ಬಮನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ಕೇಳಿದಾಗ, ಆ ಹತ್ತಿರ ಎಲ್ಲಿಂದ ಬಂದಿತ್ತೆಂಬುದು ಸ್ಪಷ್ಟವಾಯಿತು.

ನಿರ್ಮಾಪಕ ಲೂ ಆಡ್ಲರ್ ಅವರು ಹಾಲಿವುಡ್ಡಿನ ಎ ಆಂಡ್ ಎಂ ಸ್ಟುಡಿಯೋದಲ್ಲಿ ಈ ಹಾಡುಗಳನ್ನು ಧ್ವನಿಮುದ್ರಿಸುವಾಗ ಕಿಂಗ್ ಅವರ ಕಂಠವನ್ನೂ ಅವರೇ ನುಡಿಸುವ ಪಿಯಾನೋವನ್ನೂ ನಡುವೆ ಇರಿಸಿ, ಉಳಿದ ವಾದ್ಯಗಳನ್ನು ಅಗತ್ಯವಿದ್ದಷ್ಟೇ ಸೇರಿಸಿದರು. ‘ಇಟ್ಸ್ ಟೂ ಲೇಟ್’ ಹಾಡಿನಲ್ಲಿ ಡ್ಯಾನಿ ಕೋರ್ಚ್‌ಮಾರ್ ಅವರ ಗಿಟಾರ್ ಮತ್ತು ಕರ್ಟಿಸ್ ಏಮಿ ಅವರ ಸ್ಯಾಕ್ಸೋಫೋನ್ ಮುನ್ನೆಲೆಗೆ ಬರುವುದು ಹಾಡುಗಾರ್ತಿ ಹೇಳಬೇಕಾದದ್ದನ್ನು ಹೇಳಿ ನಿಲ್ಲಿಸಿದ ಮೇಲೆಯೇ. ಟೋನಿ ಸ್ಟರ್ನ್ ಬರೆದ ಆ ಸಾಹಿತ್ಯದಲ್ಲಿ ಇಬ್ಬರು ಬೇರೆಯಾಗುತ್ತಾರೆ, ಆದರೆ ಯಾರೂ ಯಾರನ್ನೂ ದೂಷಿಸುವುದಿಲ್ಲ. ಬಾಲ್ಯದಲ್ಲಿ ಅದು ನನಗೆ ಉಲ್ಲಾಸದ ಹಾಡಾಗಿ ಕೇಳಿಸುತ್ತಿತ್ತು. ಆ ಲಯದ ಹಗುರ ಈಗಲೂ ಹಾಗೆಯೇ ಇದೆ, ಅದರ ಅಡಿಯಲ್ಲಿರುವ ಆಯಾಸ ಮಾತ್ರ ಈಗ ಕೇಳಿಸುತ್ತದೆ.

ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಎರಡನೆಯ ಬದಿಯ ‘ವಿಲ್ ಯು ಲವ್ ಮಿ ಟುಮಾರೋ’. ಕಿಂಗ್ ತಮ್ಮ ಪತಿಯಾಗಿದ್ದ ಜೆರ‍್ರಿ ಗೋಫಿನ್ ಅವರೊಂದಿಗೆ ಈ ಹಾಡನ್ನು ರಚಿಸಿದಾಗ ಅವರಿಗೆ ಹದಿನೆಂಟು ವರ್ಷ. 1960ರಲ್ಲಿ ಶಿರೆಲ್ಸ್ ತಂಡದ ಹುಡುಗಿಯರು ಅದನ್ನು ಚುರುಕಾಗಿ ಹಾಡಿ, ಮರುವರ್ಷದ ಆರಂಭದಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯ ಮೊದಲ ಸ್ಥಾನಕ್ಕೇರಿಸಿದರು. ಸುಮಾರು ಹತ್ತು ವರ್ಷಗಳ ಬಳಿಕ, ಗೋಫಿನ್ ಅವರಿಂದ ದೂರವಾಗಿದ್ದ ಕಿಂಗ್ ಅದೇ ಹಾಡನ್ನು ಬಹಳ ನಿಧಾನವಾಗಿ, ಪ್ರತಿ ಸಾಲಿನ ಮುಂದೆ ಒಂದಿಷ್ಟು ತಡೆದು, ತಾವೇ ಹಾಡಿದರು. ಹಿನ್ನೆಲೆಯಲ್ಲಿ ಜೇಮ್ಸ್ ಟೇಲರ್ ಮತ್ತು ಜೋನಿ ಮಿಚೆಲ್ ಮೆಲ್ಲಗೆ ದನಿಗೂಡಿಸಿದ್ದಾರೆ. ಸಾಹಿತ್ಯ ಅದೇ, ರಾಗವೂ ಅದೇ. ಆದರೆ ಹುಡುಗಿಯ ಕುತೂಹಲವಾಗಿದ್ದ ಪ್ರಶ್ನೆ ಇಲ್ಲಿ ಉತ್ತರವನ್ನು ಬಹುಮಟ್ಟಿಗೆ ಬಲ್ಲ ಹೆಂಗಸಿನ ಪ್ರಶ್ನೆಯಾಗಿದೆ. ಒಂದು ಹಾಡು ತನ್ನನ್ನು ಬರೆದವರ ಜೊತೆಗೆ ಹೀಗೆ ವಯಸ್ಸಾಗುವುದನ್ನು ನಾನು ಬೇರೆಲ್ಲಿಯೂ ಇಷ್ಟು ನಿಚ್ಚಳವಾಗಿ ಕೇಳಿಲ್ಲ.

ಶೀರ್ಷಿಕೆಗೀತೆಯ ಕಥೆ ಮಾತ್ರ ಅಂದೂ ನನಗೆ ಅರ್ಥವಾಗಿತ್ತು, ಏಕೆಂದರೆ ಚಿಕ್ಕಪ್ಪ ಅದನ್ನು ಕನ್ನಡದಲ್ಲಿ ಹೇಳಿಕೊಟ್ಟಿದ್ದರು: ಬಣ್ಣಬಣ್ಣದ ಅಂಗಿ ತೊಟ್ಟ ಅಲೆಮಾರಿಯೊಬ್ಬ ನದಿಯ ಬಂಡೆಯ ಮೇಲೆ ಕುಳಿತು ಕಪ್ಪೆಯಾಗಿಬಿಡುತ್ತಾನೆ. ಹಾರಂಗಿಯ ದಡದ ಬಂಡೆಗಳನ್ನು ನೋಡಿ ಬೆಳೆದ ಮಗುವಿಗೆ ಅದರಲ್ಲಿ ನಂಬಲಾಗದ್ದು ಏನೂ ಇರಲಿಲ್ಲ. ರೆಕಾರ್ಡಿನ ಹೊದಿಕೆಯ ಚಿತ್ರವನ್ನಂತೂ ನಾನು ಗಂಟೆಗಟ್ಟಲೆ ನೋಡುತ್ತಿದ್ದೆ: ಲಾಸ್ ಏಂಜಲೀಸಿನ ಲಾರೆಲ್ ಕ್ಯಾನ್ಯನ್ ಮನೆಯ ಕಿಟಕಿಯ ಬಳಿ ಬರಿಗಾಲಿನಲ್ಲಿ ಕುಳಿತ ಕಿಂಗ್, ಮುಂದೆ ಅವರ ಬೆಕ್ಕು. ಕೊಡಗಿನ ಕಕ್ಕಡ ತಿಂಗಳ ಮಳೆಯಲ್ಲಿ ನಮ್ಮಲ್ಲಿ ಬೂಸ್ಟು ಹಿಡಿಯದ ವಸ್ತುವಿಲ್ಲ; ಅಮ್ಮ ಆ ಹೊದಿಕೆಯನ್ನು ಒಣಬಟ್ಟೆಯಿಂದ ಎಷ್ಟು ಒರೆಸಿದರೂ ಬೆಕ್ಕಿನ ಮೇಲೆ ಕಲೆ ಉಳಿದೇಬಿಟ್ಟಿತು.

ಎಲ್ಲ ಹಾಡುಗಳೂ ಒಂದೇ ಎತ್ತರದವಲ್ಲ. ‘ಸ್ಮ್ಯಾಕ್‌ವಾಟರ್ ಜ್ಯಾಕ್’ ಈ ಸಂಗಡಿಗರ ನಡುವೆ ನನಗೆ ಇಂದಿಗೂ ಹೊಂದಿಕೆಯಾಗುವುದಿಲ್ಲ. ಅದಕ್ಕೆ ಬದಲಾಗಿ, ಹಿಂದೆ ನಾನು ಅಷ್ಟಾಗಿ ಗಮನಿಸದಿದ್ದ ‘ವೇ ಓವರ್ ಯಾಂಡರ್’ನಲ್ಲಿ ಮೆರ‍್ರಿ ಕ್ಲೇಟನ್ ಅವರ ದನಿ ಕಿಂಗ್ ಅವರ ದನಿಯ ಬೆನ್ನಿಗೆ ಏರುವ ರೀತಿ ಈಗ ಮೈ ನವಿರೇಳಿಸುತ್ತದೆ.

ಆಲ್ಬಮ್ ಮುಗಿಯುವುದು ‘ಎ ನ್ಯಾಚುರಲ್ ವುಮನ್’ ಹಾಡಿನಿಂದ. 1967ರಲ್ಲಿ ಅರೀಥಾ ಫ್ರ್ಯಾಂಕ್ಲಿನ್ ಅದನ್ನು ಹಾಡಿದ್ದ ಭರಕ್ಕೆ ಸಾಟಿಯಿಲ್ಲ, ಮತ್ತು ಕಿಂಗ್ ಸಾಟಿಯಾಗಲು ಪ್ರಯತ್ನಿಸುವುದೂ ಇಲ್ಲ. ಹೊಸ ಹಾಡೊಂದನ್ನು ರಚಿಸಿದವರು ಪಿಯಾನೋ ಮುಂದೆ ಕುಳಿತು, ಅದನ್ನು ಹಾಡಲಿರುವವರಿಗೆ ಮೊದಲ ಸಲ ಕೇಳಿಸುವಂತೆ, ಕಿಂಗ್ ಅದನ್ನು ಸರಳವಾಗಿ ಹಾಡಿ ಮುಗಿಸುತ್ತಾರೆ.